ಕೊನೆಯ ನಾಲ್ಕು ಕಿಲೋಮೀಟರಿನ ಕಂಬಗಳು

"ಹಿಮ ಬಿದ್ದ ಮೇಲೆ ರಸ್ತೆ ಅನ್ನೋದು ಇರಲ್ಲ ಅಕ್ಕಾ. ನಿನಗೆ ಇಲ್ಲಿ ಕಿಟಕಿಯಿಂದ ಬೆಟ್ಟ ಒಂದು ಕಡೆ, ಕಣಿವೆ ಒಂದು ಕಡೆ, ನಡುವೆ ರಸ್ತೆ ಅಂತ ಕಾಣುತ್ತೆ. ಮೇಲೆ ಹೋದ್ರೆ ಗಾಳಿ ಎಲ್ಲಾನೂ ತುಂಬಿ ಒಂದೇ ಇಳಿಜಾರು ಮಾಡಿಬಿಟ್ಟಿರುತ್ತೆ, ಮನೆ ಸೂರು ಇದ್ದ ಹಾಗೆ. ಸೂರಿನ ಮೇಲೆ ನಿಲ್ಲಿಸಿ ಕೆಳಗಡೆ ಜಗಲಿ ಎಲ್ಲಿದೆ ಹೇಳು ಅಂದ್ರೆ ಹೇಳ್ತೀಯಾ? ಅದಕ್ಕೇ ಕಂಬ ಬೇಕು. ಹದಿನೈದಡಿ ಮರದ ಕಂಬ, ಮೂರಡಿ ನೆಲದೊಳಗೆ, ಸುತ್ತ ಕಲ್ಲು ಬಿಗಿದು, ತುದಿಗೆ ಕೆಂಪು ಬಣ್ಣ. ಮೂವತ್ತು ಹೆಜ್ಜೆಗೊಂದು. ಹಿಮ ತೆಗೆಯೋ ಕಾಲಕ್ಕೆ ಡೋಜರಿನವನು ಕಂಬ ನೋಡ್ಕೊಂಡು ಬರ್ತಾನೆ, ರಸ್ತೆ ನೋಡ್ಕೊಂಡಲ್ಲ.

"ಈಗ ಕೇಳು. ನಮ್ಮ ಕಡೆ ಕಂಬ ನೆಡೋದು ಬೆಟ್ಟದ ಬದಿಗೆ. ಯಾಕಂದ್ರೆ ನಮ್ಮ ಕಣಿವೆ ಅಂಚು ವರ್ಷಾ ವರ್ಷಾ ಕುಸಿಯುತ್ತೆ, ಅಲ್ಲಿ ನೆಟ್ರೆ ಕಂಬಾನೂ ಹೋಗುತ್ತೆ. ಡೋಜರಿನವನು ಕಂಬದ ಹೊರಗಡೆ, ಕಣಿವೆ ಕಡೆಯಿಂದ ಕಂಬಕ್ಕೆ ಒತ್ತಿಕೊಂಡು ಓಡಿಸ್ಬೇಕು. ಗಡಿಯಿಂದಾಚೆ ಉಲ್ಟಾ. ಅವರ ಅಂಚು ಗಟ್ಟಿ ಬಂಡೆ, ಕಲ್ಲು ಉರುಳೋದೆಲ್ಲ ಬೆಟ್ಟದಿಂದ. ಅವರು ಕಂಬಾನ ಕಣಿವೆ ಅಂಚಿಗೆ ನೆಡ್ತಾರೆ, ಡೋಜರು ಕಂಬದ ಒಳಗಡೆ ಓಡುತ್ತೆ. ಕಂಬ ಅದೇ ಕಂಬ, ಬಣ್ಣ ಅದೇ ಬಣ್ಣ. ನಮ್ಮಪ್ಪನ ಕಾಲದಿಂದ ಹಾಗೇ ಬಂದಿದೆ. ಅವರ ಹಿಮ ಅವರು ತೆಗೀತಿದ್ರು, ನಮ್ಮದು ನಾವು. ಒಬ್ಬರ ಕಂಬ ಇನ್ನೊಬ್ಬರು ಓದಬೇಕಾದ ಪ್ರಸಂಗಾನೇ ಬಂದಿರಲಿಲ್ಲ. ಅಲ್ಲೀತನಕ ಯಾರದ್ದೂ ತಪ್ಪಿಲ್ಲಕ್ಕ. ಆಮೇಲೆ ಮಾಡಿದ್ದು ನನ್ನದು."

ಕಂಬಣ್ಣ ಶುರು ಮಾಡಿದ್ದು ಹೀಗೆ. ಇದು ಇಪ್ಪತ್ತು ವರ್ಷದ ಹಿಂದಿನ ಮಾತು. ರಸ್ತೆ ಗ್ಯಾಂಗಿನವರಿಗೆ ನಾನು ಅಡುಗೆ ಮಾಡುತ್ತಿದ್ದೆ. ಮಧ್ಯಾಹ್ನದ ಊಟ ಮುಗಿದು ಎಲ್ಲರೂ ಕೆಲಸಕ್ಕೆ ಹೋಗಿದ್ದರು. ಅವನೊಬ್ಬ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ತಟ್ಟೆಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಉಳಿದಂತೆ ಮೇಸ್ತ್ರಿಯಿಂದ ಹಿಡಿದು ಚೆಕ್‌ಪೋಸ್ಟಿನ ಪೊಲೀಸಿನವರೆಗೆ ಎಲ್ಲರಿಗೂ ಅವನು ಕಂಬಣ್ಣ. ಕಂಬದ ಹಾಗೆ ಉದ್ದ, ಕಂಬದ ಹಾಗೆ ಮಾತು ಕಡಿಮೆ.

ಆ ರಸ್ತೆಯ ಬಗ್ಗೆ ಹೇಳದೆ ಅವನ ಕತೆ ಹೇಳಲು ಬರುವುದಿಲ್ಲ. ಕೆಳಗೆ ಹೊಳೆಯ ಸೇತುವೆಯಿಂದ ಶುರುವಾಗಿ ಗಡಿಯ ಕಲ್ಲಿನವರೆಗೆ ಅರವತ್ತೊಂದು ಕಿಲೋಮೀಟರು. ಮೊದಲ ಇಪ್ಪತ್ತು ಹೊಳೆಯ ಪಕ್ಕದಲ್ಲೇ ನೆಟ್ಟಗೆ ಹೋಗುತ್ತದೆ. ಆಮೇಲೆ ಒಂಬತ್ತು ತಿರುವುಗಳು. ಐದನೆಯದಕ್ಕೆ ಲಾರಿಯವರು ಅತ್ತೆ ತಿರುವು ಎನ್ನುತ್ತಾರೆ, ಎಷ್ಟು ಜಾಗ ಬಿಟ್ಟು ತಿರುಗಿಸಿದರೂ ಸಾಲದು ಎಂದು. ಮೂವತ್ತೆಂಟನೆಯ ಕಿಲೋಮೀಟರಿನಲ್ಲಿ ನಮ್ಮ ಲೈನುಮನೆಗಳು: ತಗಡಿನ ಸೂರಿನ ಹನ್ನೆರಡು ಕೋಣೆ, ಒಂದು ಅಡುಗೆಮನೆ, ಒಂದು ನಲ್ಲಿ. ಐವತ್ತೇಳರಲ್ಲಿ ಚೆಕ್‌ಪೋಸ್ಟು. ಅಲ್ಲಿಂದ ಮೇಲೆ ಮರವಿಲ್ಲ, ಹುಲ್ಲೂ ಇಲ್ಲ, ನಾಲ್ಕು ಕಿಲೋಮೀಟರು ಬರಿ ಕಲ್ಲು ಮತ್ತು ಗಾಳಿ. ತುದಿಯಲ್ಲಿ ಗಡಿಕಲ್ಲು. ಅದರ ಒಂದು ಮುಖಕ್ಕೆ ಅರವತ್ತೊಂದು, ಇನ್ನೊಂದು ಮುಖಕ್ಕೆ ನಲವತ್ತನಾಲ್ಕು ಎಂದು ಬರೆದಿದೆ. ನಾವು ನಮ್ಮ ಊರಿನಿಂದ ಎಣಿಸಿದೆವು, ಅವರು ಅವರ ಊರಿನಿಂದ.

ಮೊದಲು ಅದು ಹೇಸರಗತ್ತೆಗಳ ದಾರಿ, ಉಪ್ಪು ಮತ್ತು ಉಣ್ಣೆ ಸಾಗಿಸುವವರದು. ಕಂಬಣ್ಣನ ಅಪ್ಪನ ಕಾಲದಲ್ಲಿ ಎರಡೂ ಸರ್ಕಾರಗಳು ಎರಡೂ ಕಡೆಯಿಂದ ರಸ್ತೆ ಕಡಿಯುತ್ತಾ ಬಂದವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ, ಮೇಲೆ ಬಂದು ನೋಡಿದರೆ ಎರಡು ರಸ್ತೆಗೂ ನಡುವೆ ಎಂಟು ಗಜ ಅಂತರ. ಇವರು ಅವರ ಅಳತೆ ಸರಿಯಿಲ್ಲ ಎಂದರು, ಅವರು ಇವರದು ಎಂದರು. ಕೊನೆಗೆ ನಡುವೆ ಒಂದು ಸೊಟ್ಟ ತಿರುವು ಹಾಕಿ ಗಂಟು ಹಾಕಿದರು. ಆ ಕೆಲಸದಲ್ಲಿ ಸಿಡಿಮದ್ದು ಹಾರಿ ಅಪ್ಪನ ಬಲಗೈಯ ಮೂರು ಬೆರಳು ಹೋದವು. ಉಳಿದ ಎರಡು ಬೆರಳಲ್ಲೇ ಆತ ಮಗನಿಗೆ ಕಂಬ ನೆಡುವುದನ್ನು ಕಲಿಸಿದ.

ಕಂಬಣ್ಣನಿಗೆ ಹೆಂಡತಿ ಮಕ್ಕಳಿಲ್ಲ. ಏಳು ವರ್ಷ ಚಿಕ್ಕವಳಾದ ಒಬ್ಬಳೇ ತಂಗಿ. ಅಪ್ಪ ಸತ್ತ ಮೇಲೆ ಅವಳನ್ನು ಬೆಳೆಸಿದ್ದು ಇವನೇ. ಜಡೆ ಹಾಕುವುದನ್ನೂ ಕಲಿತಿದ್ದನಂತೆ, ಹಗ್ಗ ಹೊಸೆದ ಹಾಗೆ ಬಿಗಿಯಾಗಿ ಹಾಕಿ ಅವಳಿಗೆ ದಿನವಿಡೀ ತಲೆನೋವು. ಅವಳನ್ನು ಗಡಿಯಾಚೆಯ ಹಿಮ ತೆಗೆಯುವ ಇಲಾಖೆಯ ಡೋಜರ್ ಡ್ರೈವರಿಗೆ ಕೊಟ್ಟ. ನಮ್ಮ ಗ್ಯಾಂಗಿನವರೆಲ್ಲ ಆತನನ್ನು ಡೋಜರ್ ಭಾವ ಎಂದೇ ಕರೆಯುತ್ತಿದ್ದರು. ಒಬ್ಬನ ಭಾವ ಎಂದರೆ ಗ್ಯಾಂಗಿಗೇ ಭಾವ. ಮದುವೆಯಾದ ಮೂರನೆಯ ವರ್ಷ ಎರಡು ಸರ್ಕಾರಗಳಿಗೂ ಜಗಳವಾಗಿ ಗಡಿ ಮುಚ್ಚಿತು, ಏಳು ವರ್ಷ. ಆ ಏಳು ವರ್ಷ ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳಿಗೆ ಹೆಣ್ಣು ಮಗು ಹುಟ್ಟಿದ್ದು ಇವನಿಗೆ ತಿಳಿಯುವ ಹೊತ್ತಿಗೆ ಮಗು ನಡೆಯುತ್ತಿತ್ತು.

ಗಡಿ ತೆರೆದ ಮೇಲೆ ಮೂರನೆಯ ವರ್ಷಕ್ಕೆ ಒಂದು ಒಪ್ಪಂದವಾಯಿತು. ನಮ್ಮ ಕಡೆಯ ಕೊನೆಯ ನಾಲ್ಕು ಕಿಲೋಮೀಟರಿಗೆ ಬಿಸಿಲು ಬೀಳುವುದಿಲ್ಲ, ಹಿಮ ಕಲ್ಲಾಗಿರುತ್ತದೆ. ನಮ್ಮ ಹಳೆಯ ಡೋಜರು ಅದನ್ನು ಕೆರೆಯುವಷ್ಟರಲ್ಲಿ ಎರಡು ವಾರ ಹೋಗುತ್ತಿತ್ತು. ಅವರ ಹತ್ತಿರ ಹೊಸ ದೊಡ್ಡ ಯಂತ್ರ ಬಂದಿತ್ತು. ಹಾಗಾಗಿ ಅವರ ಡೋಜರು ಗಡಿಕಲ್ಲು ದಾಟಿ ನಮ್ಮ ನಾಲ್ಕು ಕಿಲೋಮೀಟರನ್ನೂ ತೆಗೆಯುವುದು ಎಂದಾಯಿತು. ದೊಡ್ಡವರು ಕೂತು ಡೀಸೆಲ್ ಯಾರದು, ಗಡಿ ದಾಟಲು ಡ್ರೈವರಿಗೆ ಯಾವ ಚೀಟಿ ಎಂದೆಲ್ಲ ಬರೆದುಕೊಂಡರು. ಕಂಬ ಯಾವ ಬದಿಗೆ ಎಂದು ಯಾರೂ ಕೇಳಲಿಲ್ಲ. ದೊಡ್ಡವರಿಗೆ ಕಂಬ ಎಂದರೆ ಕಂಬ.

ಮೊದಲ ವರ್ಷ ಡೋಜರ್ ಭಾವ ಬಂದ. ಅಭ್ಯಾಸಬಲದಿಂದ ನಮ್ಮ ಕಂಬದ ಒಳಗಡೆ ಓಡಿಸಲು ಹೋಗಿ ಎರಡು ಸಲ ಬೆಟ್ಟಕ್ಕೆ ಬ್ಲೇಡು ಗುದ್ದಿದ. ಬ್ಲೇಡಿನ ಮೂಲೆ ಬಾಗಿತು, ಜೀವಕ್ಕೇನೂ ಆಗಲಿಲ್ಲ. ಆವತ್ತು ಅವನು ನಮ್ಮಲ್ಲೇ ಊಟ ಮಾಡಿದ. ಅವನಿಗೆ ಬಡಿಸಿದ್ದು ನಾನೇ. ಗ್ಯಾಂಗಿನವರು ಸುಮ್ಮನಿರುತ್ತಾರೆಯೇ?

"ಏನ್ ಭಾವ, ನಮ್ಮ ಬೆಟ್ಟಕ್ಕೆ ಹಾಯ್ತಾ ಇದ್ದೆಯಂತೆ," ಎಂದ ಮೇಸ್ತ್ರಿ.

"ನಿಮ್ಮ ಕಂಬಾನೂ ನಿಮ್ಮ ಹಾಗೇ, ಒಂದು ಹೇಳಿ ಇನ್ನೊಂದು ಮಾಡಿಸ್ತವೆ," ಎಂದ ಅವನು. ಆಮೇಲೆ ಅನ್ನ ಕಲಸುತ್ತಾ, "ಇರ್ಲಿ, ಮುಂದಿನ ವರ್ಷಕ್ಕೆ ಕಲ್ತ್ಕೋತೀನಿ. ಕಲ್ಲು ದಾಟಿದ ಮೇಲೆ ನಿಮ್ಮ ಲೆಕ್ಕ. ಯಾರ ಮನೆಗೆ ಹೋದ್ರೆ ಅವರ ಮನೆ ಪದ್ಧತಿ," ಎಂದ.

ಕಂಬಣ್ಣ ಅಲ್ಲೇ ಇದ್ದ. ಲೋಟಗಳಿಗೆ ನೀರು ಹಾಕುವುದರಲ್ಲಿ ಇದ್ದನೋ, ಭಾವ ಹೇಳಿದ್ದನ್ನು ನಗೆಮಾತು ಎಂದುಕೊಂಡನೋ, ಆ ಕೊನೆಯ ಮಾತು ಅವನ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯಲಿಲ್ಲ. ಅವನ ಮನಸ್ಸಿನಲ್ಲಿ ನಿಂತದ್ದು ಬಾಗಿದ ಬ್ಲೇಡು ಮಾತ್ರ. ಪಾಪ, ಹದಿನೈದು ವರ್ಷದ ಕೈ ಅಭ್ಯಾಸ, ನಮಗಾಗಿ ಯಾಕೆ ಬದಲಾಯಿಸಬೇಕು ಎಂದು ಅವನಿಗೆ ಅನ್ನಿಸಿತು.

ಆ ವರ್ಷ ಹಿಮ ಬೀಳುವ ಮೊದಲು ಕಂಬ ನೆಡಲು ಹೋದಾಗ, ಮೇಲಿನ ನಾಲ್ಕು ಕಿಲೋಮೀಟರಿನಲ್ಲಿ ಅವನು ಕಂಬಗಳನ್ನು ಬೆಟ್ಟದ ಬದಿ ಬಿಟ್ಟು ಕಣಿವೆಯ ಅಂಚಿಗೆ ನೆಟ್ಟ. ಭಾವನ ಕಡೆಯ ಪದ್ಧತಿಯಂತೆ. ಕುಸಿಯುವ ಅಂಚು, ಅದಕ್ಕೆ ಒಂದೊಂದು ಗುಂಡಿಗೂ ಎರಡರಷ್ಟು ಕಲ್ಲು ಹೊತ್ತು ತಂದು ಬಿಗಿದ. ಜೊತೆಗಿದ್ದ ಇಬ್ಬರು ಕೂಲಿಯವರು ಯಾಕೆ ಎಂದು ಕೇಳಲಿಲ್ಲ. ಕೆಲಸ ಮುಗಿದ ವಾರಕ್ಕೆ ತಮ್ಮ ಊರಿಗೆ ಹೋದವರು ಮತ್ತೆ ಬರಲೂ ಇಲ್ಲ. ಕಂಬಗಳನ್ನು ಪರೀಕ್ಷಿಸಬೇಕಾದ ಇಲಾಖೆಯ ಓವರ್‌ಸಿಯರ್ ಆ ವರ್ಷ ಮೇಲೆ ಹತ್ತಿ ನೋಡಲಿಲ್ಲ, ನೋಡಿದ್ದೇನೆ ಎಂದು ಸಹಿ ಮಾತ್ರ ಹಾಕಿದ. ಪ್ರತಿ ವರ್ಷ ಹಿಮಕ್ಕೆ ದಾರಿ ಮುಚ್ಚುವ ಮೊದಲು ತಂಗಿಯ ಮನೆಗೆ ಒಂದು ಸಲ ಹೋಗಿಬರುವುದು ಕಂಬಣ್ಣನ ರೂಢಿ. ಆಗ ಭಾವನಿಗೆ ಹೇಳಿದರಾಯಿತು ಎಂದುಕೊಂಡ. ಹಿಮ ಹದಿನೆಂಟು ದಿನ ಮುಂಚೆಯೇ ಬಿತ್ತು. ದಾರಿ ಮುಚ್ಚಿಹೋಯಿತು.

ಆಗಿನ್ನೂ ಆ ಎತ್ತರಕ್ಕೆ ಮೊಬೈಲು ಬಂದಿರಲಿಲ್ಲ. ಆದರೆ ಚೆಕ್‌ಪೋಸ್ಟಿನಲ್ಲಿ ಫೋನಿತ್ತು. ಓವರ್‌ಸಿಯರಿಗೆ ಹೇಳಿದ್ದರೆ ಆಚೆ ಕಡೆಗೆ ಒಂದು ಮಾತು ತಲುಪಿಸುತ್ತಿದ್ದರು. ಆದರೆ ಯಾರ ಅಪ್ಪಣೆಯೂ ಇಲ್ಲದೆ ಇಲಾಖೆಯ ಕಂಬ ಬದಲಾಯಿಸಿದ್ದು ಎಂದು ಅವನಿಗೆ ಹೆದರಿಕೆ. ಬೈಯುತ್ತಾರೆ, ಮೇಲಿನವರಿಗೆ ಬರೆದು ಹಾಕುತ್ತಾರೆ. ಇಷ್ಟಕ್ಕೂ ಭಾವನ ಅಭ್ಯಾಸದಂತೆಯೇ ನೆಟ್ಟಿದ್ದೇನಲ್ಲ, ಹೇಳಲು ಏನಿದೆ ಎಂದು ಚಳಿಗಾಲವಿಡೀ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಹಿಮ ತೆಗೆಯುವ ಕಾಲ ಬಂತು. ಒಂದು ಬಿಸಿಲಿನ ಬೆಳಗ್ಗೆ ನಮ್ಮ ಗ್ಯಾಂಗು ಚೆಕ್‌ಪೋಸ್ಟಿನ ಹತ್ತಿರ ಕಾಯುತ್ತಿತ್ತು. ಮೇಲಿನಿಂದ ಡೋಜರಿನ ಸದ್ದು ಕೇಳುತ್ತಿತ್ತಂತೆ, ಸಣ್ಣಗೆ, ಒಲೆಯ ಮೇಲೆ ಬೇಳೆ ಕುದಿಯುವ ಹಾಗೆ. ಹತ್ತೂವರೆಯ ಹೊತ್ತಿಗೆ ಅದು ನಿಂತಿತು. ಡೀಸೆಲ್ ಪೈಪು ಕಟ್ಟಿಕೊಂಡಿರಬೇಕು ಎಂದು ಯಾರೋ ಅಂದರು. ಹನ್ನೊಂದಾಯಿತು, ಹನ್ನೆರಡಾಯಿತು. ಕಂಬಣ್ಣ ಮಾತ್ರ ಹತ್ತೂವರೆಗೇ ಎದ್ದು ನಿಂತವನು ಕೂರಲಿಲ್ಲವಂತೆ.

ಭಾವ ಹೇಳಿದ ಮಾತಿಗೆ ತಪ್ಪಿರಲಿಲ್ಲ. ಕಲ್ಲು ದಾಟಿದ ಕೂಡಲೇ ತನ್ನ ಅಭ್ಯಾಸ ಬಿಟ್ಟು ನಮ್ಮ ಲೆಕ್ಕ ಹಿಡಿದಿದ್ದ. ನಮ್ಮ ಲೆಕ್ಕದಲ್ಲಿ ಕಂಬದ ಹೊರಗಡೆ ರಸ್ತೆ. ಆ ವರ್ಷ ಕಂಬದ ಹೊರಗಡೆ ಬರಿ ಗಾಳಿ ಕಟ್ಟಿದ ಹಿಮ, ಅದರ ಕೆಳಗೆ ನೂರಾರು ಅಡಿ ಆಳ. ಇವನು ಅವನಿಗಾಗಿ ಬದಲಾದ, ಅವನು ಇವನಿಗಾಗಿ ಬದಲಾದ.

ಹೆಣ ಸಿಕ್ಕಿದ್ದು ಒಂಬತ್ತನೆಯ ದಿನ. ಕೆಳಗಿನಿಂದ ನಮ್ಮ ಹಳೆಯ ಡೋಜರು ಉಳಿದ ರಸ್ತೆ ತೆಗೆಯಿತು. ಈ ಸಲ ಕಂಬಣ್ಣನೇ ಮುಂದೆ ಮುಂದೆ ನಡೆದು, ಕೋಲಿನಿಂದ ಚುಚ್ಚಿ ನೋಡಿ ದಾರಿ ತೋರಿಸಿದ. ಡೋಜರಿನವನು ಅವನ ಬೆನ್ನು ನೋಡಿಕೊಂಡು ಬಂದನೇ ಹೊರತು ಕಂಬ ನೋಡಲಿಲ್ಲ. ದಾರಿ ತೆರೆದ ವಾರದೊಳಗೆ ಕಂಬ ಕಿತ್ತು ಜೋಡಿಸಿಡಬೇಕೆಂಬುದು ನಿಯಮ. ಪ್ರತಿ ವರ್ಷದಂತೆ ಅವನು ಕಿತ್ತ. ಎರಡೂ ಕಡೆಯ ತನಿಖೆಯವರು ಬರುವ ಹೊತ್ತಿಗೆ ಅಂಚಿನಲ್ಲಿ ಉಳಿದಿದ್ದು ಮುಚ್ಚಿದ ಗುಂಡಿ ಮತ್ತು ಸುತ್ತ ಬಿಗಿದ ಕಲ್ಲು.

"ಕಂಬ ಎಲ್ಲಾ ನೆಟ್ಟಿದ್ದೆಯೇನಪ್ಪ?" ಎಂದು ಕೇಳಿದರಂತೆ.

"ನೆಟ್ಟಿದ್ದೆ ಸಾರ್."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನನ್ನು ಗುರುತಿಸಲು ಎದುರಿನವನು ಕಣ್ಣೆತ್ತಿ ನೋಡಬೇಕಲ್ಲ. ಅವರು ಬರೆದುಕೊಳ್ಳುತ್ತಿದ್ದರು, ನೋಡಲಿಲ್ಲ. ಡೋಜರಿನ ಕ್ಯಾಬಿನ್ನಿನಲ್ಲಿ ಒಂದು ಸ್ಪಿರಿಟ್ ಬಾಟಲಿ ಸಿಕ್ಕಿತ್ತು. ಹೆಪ್ಪುಗಟ್ಟಿದ ಡೀಸೆಲ್ ಪೈಪಿಗೆ ಬಟ್ಟೆ ಸುತ್ತಿ, ಅದರ ಮೇಲೆ ಸುರಿದು ಬೆಂಕಿ ಹಚ್ಚಲು ಎಲ್ಲ ಡ್ರೈವರುಗಳೂ ಇಟ್ಟುಕೊಳ್ಳುತ್ತಿದ್ದರು. ಮೇಜಿನ ಮುಂದೆ ಕೂತವರಿಗೆ ಬಾಟಲಿ ಎಂದರೆ ಬಾಟಲಿ. ಡ್ರೈವರು ಕುಡಿದು ಓಡಿಸಿದ, ಅದರಿಂದ ಸತ್ತ ಎಂದು ಬರೆದರು. ಎರಡು ಇಲಾಖೆಯವರೂ ಸಹಿ ಹಾಕಿದರು. ಎರಡು ದೇಶಗಳೂ ಇಷ್ಟು ಬೇಗ ಒಪ್ಪಿಕೊಂಡ ಕಾಗದ ಅದೊಂದೇ ಇರಬೇಕು.

ಕೆಲಸದ ಮೇಲೆ ಸತ್ತವನ ಹೆಂಡತಿಗೆ ಇಲಾಖೆಯಲ್ಲಿ ಕೆಲಸ ಕೊಡುವುದು ಆಚೆ ಕಡೆಯ ನಿಯಮ. ಕುಡಿದು ಸತ್ತವನ ಹೆಂಡತಿಗೆ ಅದಿಲ್ಲ. ಮೂರು ತಿಂಗಳಲ್ಲಿ ಕ್ವಾರ್ಟರ್ಸ್ ಖಾಲಿ ಮಾಡಿಸಿದರು. ತಂಗಿ ಮಗಳನ್ನು ಕಟ್ಟಿಕೊಂಡು ಪಂಕ್ಚರ್ ಅಂಗಡಿಯ ಮೇಲಿನ ಒಂದು ಕೋಣೆಗೆ ಹೋದಳು. ದಿನವಿಡೀ ಕೆಳಗಿನಿಂದ ಸುಟ್ಟ ರಬ್ಬರಿನ ವಾಸನೆ. ಲಾರಿಯವರ ತಂಗುಮನೆಯಲ್ಲಿ ಪಾತ್ರೆ ತಿಕ್ಕುವ ಕೆಲಸ. ಕಂಬಣ್ಣ ತಿಂಗಳಿಗೊಮ್ಮೆ ಅಕ್ಕಿ, ಬೇಳೆ, ಎಣ್ಣೆ ಹೊತ್ತುಕೊಂಡು ಹೋಗುತ್ತಿದ್ದ. ಇಂಥ ಅಣ್ಣ ಯಾರಿಗಿದ್ದಾನೆ ಎಂದು ಅಕ್ಕಪಕ್ಕದವರು ಹೊಗಳುತ್ತಿದ್ದರಂತೆ. ಆ ಹೊಗಳಿಕೆ ಕೇಳಿದ ದಿನ ಇವನಿಗೆ ಊಟ ಇಳಿಯುತ್ತಿರಲಿಲ್ಲ. ನನಗೆ ಆಗ ಕಾರಣ ತಿಳಿಯದು. ತಟ್ಟೆಯಲ್ಲಿ ಬಿಡಬೇಡವೋ ಎಂದು ನಾನೇ ಗದರಿದ್ದೇನೆ.

ಹೀಗೆ ಎರಡು ವರ್ಷ. ಒಂದು ಸಲ ಅವನು ಹೋದಾಗ ಮಗಳಿಗೆ ಶಾಲೆಯಲ್ಲಿ ಜಗಳವಾಗಿತ್ತು. ಯಾರೋ ಹುಡುಗಿ "ಕುಡುಕನ ಮಗಳು" ಅಂದಿದ್ದಳು. ಇವಳು ಹೊಡೆದು ಬಂದಿದ್ದಳು. ತಂಗಿ ಮಗಳನ್ನು ಹೊರಗೆ ಕಳಿಸಿ ಅಣ್ಣನ ಮುಂದೆ ಕೂತಳು. ಮುಂದಿನ ಮಾತನ್ನು ನನಗೆ ಅಣ್ಣನೂ ಹೇಳಿದ್ದಾನೆ, ಎಷ್ಟೋ ವರ್ಷ ಕಳೆದ ಮೇಲೆ ಗಡಿಕಲ್ಲಿನ ಹತ್ತಿರ ಸಿಕ್ಕಾಗ ತಂಗಿಯೂ ಹೇಳಿದ್ದಾಳೆ. ಇಬ್ಬರ ಬಾಯಲ್ಲೂ ಒಂದಕ್ಷರ ಆಚೀಚೆ ಆಗಲಿಲ್ಲ.

"ಅಣ್ಣಾ, ನಿನ್ನನ್ನ ಒಂದು ಕೇಳ್ತೀನಿ, ಮುಚ್ಚಿಡಬೇಡ. ಅವರು ನಿನ್ನ ಜೊತೆ ಯಾವತ್ತಾದ್ರೂ ಕುಡಿದಿದ್ರಾ? ಹದಿನಾಲ್ಕು ವರ್ಷ ಪಕ್ಕದಲ್ಲಿ ಮಲಗಿದೀನಿ. ಒಂದು ದಿನ ವಾಸನೆ ಬಂದಿಲ್ಲ. ನನ್ನ ಮೂಗೇ ಸುಳ್ಳಾ? ಇಲ್ಲಾ ನಾನು ಕಂಡಿದ್ದ ಮನುಷ್ಯನೇ ಸುಳ್ಳಾ?"

ಅವನು, "ಗೊತ್ತಿಲ್ಲಮ್ಮ," ಎಂದುಬಿಟ್ಟ.

ಆ ಮಾತು ಬಾಯಿಂದ ಬಿದ್ದ ಮೇಲೆ ಅವನು ಅಲ್ಲಿ ಕೂರಲಾರದೆ ಹೊರಟು ಬಂದ. ಮಾರನೆಯ ದಿನ ಮಧ್ಯಾಹ್ನ ನನ್ನ ಹೊಸ್ತಿಲ ಮೇಲೆ ಕೂತು, ಮೊದಲಿಗೆ ಬರೆದೆನಲ್ಲ, ಆ ಮಾತುಗಳನ್ನು ಹೇಳಿದ. ಉಳಿದದ್ದನ್ನೂ ಹೇಳಿದ. ತನಿಖೆಯವರಿಗೆ ಸುಳ್ಳು ಹೇಳಿರಲಿಲ್ಲವಂತೆ, ತಂಗಿಗೆ ಹೇಳಿದ್ದು ಮಾತ್ರ ಸುಳ್ಳಂತೆ. ಅದನ್ನೇ ಮೂರು ನಾಲ್ಕು ಸಲ ಅಂದ. ಸಂಕಟ ಅವನದು, ನಷ್ಟ ಅವಳದು. "ನನಗೆ ಹೇಳಿ ಏನು ಬಂತೋ. ಕೇಳಬೇಕಾದವಳು ನಾನಲ್ಲ," ಎಂದೆ. ಅವನು ತಟ್ಟೆ ತೊಳೆದಿಟ್ಟು ಹೋದ.

ವಾರದೊಳಗೆ ಮತ್ತೆ ಗಡಿ ದಾಟಿದ. ಈ ಸಲ ಕೈಯಲ್ಲಿ ಏನೂ ಒಯ್ಯಲಿಲ್ಲ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ತಂಗಿ ಅಳಲಿಲ್ಲವಂತೆ, ಕೂಗಲೂ ಇಲ್ಲವಂತೆ. "ಎರಡು ವರ್ಷ ಅವರ ಫೋಟೋಗೆ ನಾನು ಬೈದಿದೀನಿ. ದಿನಾ ಬೈದಿದೀನಿ. ಅದನ್ನೆಲ್ಲ ಎಲ್ಲಿಂದ ವಾಪಸ್ ತಗೊಳ್ಳಲಿ?" ಎಂದು ಕೇಳಿದಳು. ಆಮೇಲೆ, "ನನಗೆ ಹೇಳಿದ್ದು ಸಾಲದು. ಕಚೇರಿಲಿ ಹೇಳು. ಬರೆದು ಕೊಡು," ಎಂದಳು.

ಅವನಿಗೆ ಬರೆಯಲು ಬಾರದು. ಚೆಕ್‌ಪೋಸ್ಟಿನ ಗುಮಾಸ್ತ ಬರೆದುಕೊಟ್ಟ, ಇವನು ಹೆಬ್ಬೆಟ್ಟು ಒತ್ತಿದ. ಓವರ್‌ಸಿಯರು ಲೈನುಮನೆಗೇ ಬಂದು ಅಂಗಲಾಚಿದ. ಸತ್ತವನು ಎದ್ದು ಬರುತ್ತಾನೆಯೇ, ಮಲಗಿದ್ದ ಹಾವನ್ನು ಯಾಕೆ ಕೆಣಕುತ್ತೀಯ, ನಿನ್ನ ಜೊತೆ ನನ್ನನ್ನೂ ಮುಳುಗಿಸುತ್ತೀಯ ಎಂದ. ಅವನಿಗೆ ಅವನ ಸಹಿಯ ಚಿಂತೆ. ಮೇಸ್ತ್ರಿ ಒಂದು ತಿಂಗಳು ಕಂಬಣ್ಣನ ಜೊತೆ ಮಾತು ಬಿಟ್ಟ. ಭಾವ ಸತ್ತದ್ದಕ್ಕೋ, ಗ್ಯಾಂಗಿನ ಮಾನ ಬೀದಿಗೆ ಬಿದ್ದದ್ದಕ್ಕೋ, ಅವನೂ ಹೇಳಲಿಲ್ಲ.

ಕಾಗದ ಎರಡು ದೇಶಗಳ ನಡುವೆ ಹದಿನಾಲ್ಕು ತಿಂಗಳು ಓಡಾಡಿತು. ಕಂಬಣ್ಣನನ್ನು ಆರು ಸಲ ಕರೆಸಿದರು. ಆ ನಾಲ್ಕು ಕಿಲೋಮೀಟರಿನ ಅಂಚಿನಲ್ಲಿ ಮುಚ್ಚಿದ ಗುಂಡಿಗಳನ್ನು ಒಂದೊಂದಾಗಿ ಅವನ ಕೈಯಲ್ಲೇ ಅಗೆಸಿ, ಅಳೆದು, ಚಿತ್ರ ಬರೆದುಕೊಂಡರು. ಕೊನೆಗೆ ಹಳೆಯ ವರದಿಯಲ್ಲಿ ಒಂದು ಸಾಲು ಹೊಡೆದು ಹಾಕಿ, ಗುರುತಿನ ಕಂಬಗಳ ದೋಷದಿಂದ ಎಂದು ಬರೆದರು. ತಂಗಿಗೆ ಡೋಜರ್ ಶೆಡ್ಡಿನಲ್ಲಿ ಸಾಮಾನು ಕೊಟ್ಟು ತೆಗೆದುಕೊಳ್ಳುವ ಕೆಲಸ ಸಿಕ್ಕಿತು. ಕಂಬಣ್ಣನ ಕೆಲಸ ಹೋಯಿತು. ಜೈಲಾಗಲಿಲ್ಲ, ಅಷ್ಟೇ. ಓವರ್‌ಸಿಯರಿಗೆ ಬೇರೆ ಊರಿಗೆ ವರ್ಗವಾಯಿತು. ಮುಂದಿನ ವರ್ಷದಿಂದ ಎರಡೂ ಕಡೆಯವರು ರಸ್ತೆಯ ಎರಡೂ ಬದಿಗೆ ಕಂಬ ನೆಡಬೇಕು, ಕಣಿವೆಗೆ ಕೆಂಪು, ಬೆಟ್ಟಕ್ಕೆ ಹಳದಿ ಎಂದು ಆದೇಶ ಬಂತು. ಇವತ್ತಿಗೂ ಹಾಗೇ ನೆಡುತ್ತಾರೆ. ಯಾಕೆ ಬಂತು ಎಂದು ಈಗಿನ ಗ್ಯಾಂಗಿನವರಿಗೆ ಗೊತ್ತಿಲ್ಲ.

ತಂಗಿ ಕೆಲಸಕ್ಕೆ ಸೇರಿದ ಸುದ್ದಿ ಕೇಳಿ ಅವನು ಒಂದು ಸಲ ಹೋದ. ಅವಳು ಒಳಗೆ ಕರೆಯಲಿಲ್ಲ. "ಅವರ ಹೆಸರು ತೊಳೆದುಕೊಟ್ಟೆ. ಅದು ಆಯ್ತು. ಇನ್ನು ನನ್ನ ಬಾಗಿಲಿಗೆ ಬರಬೇಡ ಅಣ್ಣಾ," ಎಂದಳು. ಅಣ್ಣಾ ಎಂದೇ ಅಂದಳು. ಅದನ್ನು ಅವನು ನನಗೆ ಹೇಳುವಾಗ ಆ ಒಂದು ಶಬ್ದವನ್ನು ಬಿಡದೆ ಹೇಳುತ್ತಿದ್ದ.

ಆಮೇಲೆ ಹತ್ತೊಂಬತ್ತು ವರ್ಷ. ಗುತ್ತಿಗೆದಾರರ ಹತ್ತಿರ ಜಲ್ಲಿ ಒಡೆದ. ಹಿಮದಲ್ಲಿ ಜಾರದ ಹಾಗೆ ಲಾರಿಗಳ ಚಕ್ರಕ್ಕೆ ಚೈನು ಕಟ್ಟಿದ. ಲೈನುಮನೆಯಿಂದ ಎಬ್ಬಿಸಿದ ಮೇಲೆ ಅಡುಗೆಮನೆಯ ಹಿಂದಿನ ಸೌದೆಕೋಣೆಯಲ್ಲಿ ಇರು ಎಂದು ನಾನೇ ಹೇಳಿದೆ. ಒಂದು ಮಂಚ, ಒಂದು ಪೆಟ್ಟಿಗೆ. ತಂಗಿಯ ಮಗಳ ಮದುವೆಯಾಯಿತು ಎಂದು ಲಾರಿಯವರಿಂದ ತಿಳಿಯಿತು. ಅವತ್ತು ಹೊಸ ಅಂಗಿ ಹಾಕಿಕೊಂಡು ಹೊರಗೆ ಕಲ್ಲಿನ ಮೇಲೆ ಕೂತಿದ್ದ, ಸಂಜೆ ಮಡಿಸಿ ಇಟ್ಟ. ಈಗ ಅವನ ಮೊಣಕಾಲು ಬಗ್ಗುವುದಿಲ್ಲ. ಎಡಗಣ್ಣಿಗೆ ಪೊರೆ ಬಂದಿದೆ.

ಈ ವರ್ಷ ಸುರಂಗ ಮುಗಿಯಿತು. ನಲವತ್ತನೆಯ ಕಿಲೋಮೀಟರಿನಲ್ಲಿ ಬೆಟ್ಟದೊಳಗೆ ಹೊಕ್ಕರೆ ಆಚೆ ದೇಶದಲ್ಲಿ ಹೊರಬೀಳುತ್ತದೆ. ಇನ್ನು ಮೇಲಿನ ರಸ್ತೆಯ ಹಿಮ ಯಾರೂ ತೆಗೆಯುವುದಿಲ್ಲವಂತೆ, ಈ ಚಳಿಗಾಲಕ್ಕೆ ಮುಚ್ಚಿದರೆ ಮುಚ್ಚಿದ ಹಾಗೇ. ಆ ಸುದ್ದಿ ಬಂದ ಹದಿನೈದು ದಿನಕ್ಕೆ ಚೆಕ್‌ಪೋಸ್ಟಿನವನು ಫೋನ್ ಮಾಡಿ, ಆಚೆಯಿಂದ ಒಬ್ಬ ಹೆಂಗಸು ನಾಳೆ ಗಡಿಕಲ್ಲಿಗೆ ಬರುತ್ತಾಳೆ, ಕಂಬಣ್ಣನನ್ನು ಕರೆತರಬೇಕಂತೆ ಎಂದ. ನಾನೂ ಹೋದೆ. ಅವನೊಬ್ಬನನ್ನೇ ಕಳಿಸಲು ಧೈರ್ಯವಾಗಲಿಲ್ಲ.

ಅವಳು ಇಲಾಖೆಯ ಜೀಪಿನಲ್ಲಿ ಬಂದಿದ್ದಳು, ಮುಂದಿನ ತಿಂಗಳು ನಿವೃತ್ತಿಯಂತೆ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಣ್ಣನನ್ನು ಕಂಡು ಹೇಗಿದ್ದೀಯ ಎನ್ನಲಿಲ್ಲ. ಅವನ ಕಾಲನ್ನು ನೋಡಿದಳು. "ಎಲ್ಲಿ ನೆಟ್ಟಿದ್ದೆ ತೋರಿಸು," ಎಂದಳು.

ನಾವು ಇಳಿಜಾರಿನಲ್ಲಿ ಸ್ವಲ್ಪ ದೂರ ನಡೆದೆವು. ಅವನಿಗೆ ಒಂದು ಕಣ್ಣೇ ಸಾಕಾಯಿತು. ಅಂಚಿನಲ್ಲಿ ನಿಂತು ಪಾದದಿಂದ ಜಲ್ಲಿ ಸರಿಸಿದ. ಕೆಳಗೆ ದುಂಡಗೆ ಬಿಗಿದ ಕಲ್ಲು ಕಂಡಿತು, ಬಾವಿಕಟ್ಟೆಯ ಹಾಗೆ, ಆದರೆ ಅಂಗೈ ಅಗಲದ್ದು. ಅಗೆಸಿದವರು ಹೋದ ಮೇಲೆ ಅವನೇ ಮತ್ತೆ ಬಿಗಿದಿದ್ದನೇನೋ. ಅವಳು ಅವನ ಊರುಗೋಲನ್ನು ತೆಗೆದುಕೊಂಡು ಆ ಗುಂಡಿಯಲ್ಲಿ ನಿಲ್ಲಿಸಿದಳು. ಹತ್ತು ಹೆಜ್ಜೆ ಮೇಲಕ್ಕೆ ಹೋಗಿ, ತಿರುಗಿ, ಕೋಲನ್ನೂ ಅದರಾಚೆಯ ಕಣಿವೆಯನ್ನೂ ನೋಡುತ್ತಾ ನಿಂತಳು. ಗಾಳಿಗೆ ಸೆರಗು ಹಾರುತ್ತಿತ್ತು. ನನ್ನ ಕಡೆ ತಿರುಗಿದಳು.

"ಅಕ್ಕಾ, ಮುಂದಿನ ವರ್ಷಕ್ಕೆ ಕಲ್ತ್ಕೋತೀನಿ ಅಂತ ಅವರು ನಿಮ್ಮಲ್ಲಿ ಊಟ ಮಾಡುವಾಗ ಅಂದಿದ್ರು ಅಂತ ಲಾರಿಯವರು ಹೇಳ್ತಿದ್ರು, ನಿಜಾನಾ? ಕಚೇರಿಯ ಕಾಗದದಲ್ಲಿ ಅದು ಇಲ್ಲ."

"ನಿಜ ಕಣಮ್ಮ," ಎಂದೆ. "ನಾನೇ ಬಡಿಸ್ತಿದ್ದೆ. ಕಲ್ಲು ದಾಟಿದ ಮೇಲೆ ನಿಮ್ಮ ಲೆಕ್ಕ ಅಂದ."

"ಹಾಗಾದ್ರೆ ಕಲಿತಿದ್ರು," ಎಂದಳು. ಮತ್ತೆ ಕೋಲಿನ ಕಡೆ ನೋಡಿ, "ಸರಿಯಾಗೇ ಓಡಿಸಿದಾರೆ," ಎಂದಳು.

ಅವಳು ಅಷ್ಟಕ್ಕೇ ಬಂದಿದ್ದಳು ಎಂದು ನನಗೆ ಆಗ ತಿಳಿಯಿತು. ಕೋಲನ್ನು ತಂದು ಅಣ್ಣನ ಕೈಗೆ ಕೊಟ್ಟಳು.

"ಚೆಕ್‌ಪೋಸ್ಟಲ್ಲಿ ಫೋನಿತ್ತು."

"ಇತ್ತು," ಎಂದ ಅವನು.

"ಚಳಿಗಾಲ ಪೂರ್ತಿ ಇತ್ತು."

"ಹೂಂ. ಹೆದರಿದೆ."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಮ್ಮಲ್ಲಿ ಊಟ ಮಾಡಿ ಹೋಗು ಎಂದು ನಾನು ಕರೆದೆ. ಜೀಪಿನವನು ಕಾಯುತ್ತಿದ್ದಾನೆ ಎಂದಳು. ಏರು ಹತ್ತುವಾಗ ಒಂದು ಸಲ ನಿಂತಳು, ಅಣ್ಣನ ಕಡೆ ತಿರುಗುತ್ತಾಳೇನೋ ಎಂದುಕೊಂಡೆ. ಚಪ್ಪಲಿಗೆ ಸಿಕ್ಕಿದ ಕಲ್ಲು ತೆಗೆದು ಎಸೆದು ಮುಂದೆ ಹೋದಳು. ಸೊಟ್ಟ ತಿರುವಿನಾಚೆ ಜೀಪಿನ ಸದ್ದು ಇಳಿದು ಹೋಗುವವರೆಗೆ ಅವನು ಅಲ್ಲೇ ನಿಂತಿದ್ದ.

ಸಿಮೆಂಟಿನ ಲಾರಿಯೊಂದು ನಮ್ಮನ್ನು ಕೆಳಗೆ ಬಿಟ್ಟಿತು. ಲೈನುಮನೆಗೆ ಬರುವ ಹೊತ್ತಿಗೆ ನಾಲ್ಕು ಗಂಟೆ, ನಲ್ಲಿಯಲ್ಲಿ ನೀರು ಬರುವ ಸಮಯ. ಅರ್ಧ ಗಂಟೆ ಬಂದರೆ ಹೆಚ್ಚು. ಅವನು ಅಂಗಿಯ ತೋಳು ಮಡಿಸಿ, ಅಡುಗೆಮನೆಯ ಎರಡು ಕೊಡ ಎತ್ತಿಕೊಂಡು ಹೋಗಿ ಸಾಲಿನಲ್ಲಿ ನಿಂತ. ಮುಂದೆ ಮೂವರಿದ್ದರು. ತನ್ನ ಸರದಿ ಬಂದಾಗ ಮೊದಲು ಸ್ವಲ್ಪ ನೀರು ಹಿಡಿದು, ಕೊಡವನ್ನು ಗಲಗಲ ಅಲ್ಲಾಡಿಸಿ ಚೆಲ್ಲಿ, ಮತ್ತೆ ನಲ್ಲಿಯ ಕೆಳಗೆ ಇಟ್ಟ.